ಯಜಮಾನರ ಭುಜ, ನನ್ನ ಸುಸಲಾ

ನಮ್ಮ ಯಜಮಾನರು, ಮನ್ಮಥಪ್ಪ, ನಾಶಿಕದ ಪಂಚವಟಿಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಒಂದು ಸಂಜೆ ಅಂಗಡಿಯ ಶಟರ್ ಸಿಕ್ಕಿಕೊಂಡಿತು. ಬಲಗೈಯಲ್ಲಿದ್ದ ಚಹಾ ಕೆಳಗಿಡಲು ಮನಸ್ಸಾಗದೆ ಎಡಗೈಯಿಂದಲೇ ಜಗ್ಗಿದರು. ಶಟರ್ ಇಳಿಯಿತು, ಭುಜ ಕೆಟ್ಟಿತು. ಚಹಾ ಒಂದು ಹನಿಯೂ ಚೆಲ್ಲಲಿಲ್ಲವೆಂದು ಈಗಲೂ ಹೇಳಿಕೊಳ್ಳುತ್ತಾರೆ.

ಫಿಜಿಯೋಥೆರಪಿಯ ರುಚಿತಾ ನಮ್ಮ ಕಲಬುರಗಿ ಕಡೆಯವರ ಮಗಳು, ನಾಶಿಕದಲ್ಲೇ ಬೆಳೆದವಳು. "ಕಾಕಾ, ಭುಜದ ಕೀಲು ಅಂದ್ರೆ ಒಂದು ಬಟ್ಟಲು. ಅದರ ಸುತ್ತ ಮೆತ್ತಗಿನ ಅಂಚು ಇರ್ತದೆ, ಲೇಬ್ರಮ್. ನಿಮ್ಮದು ಹರಿದಿದೆ. ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರ್. ಸದ್ಯ ಕೈ ಎತ್ತಿ ಹಿಡಿಯೋದು ಏಕದಮ್ ಬಂದ್. ಈ ಕೈಯಿಂದ ಮೊದಲು ಏನು ಮಾಡ್ಬೇಕು ನಿಮಗೆ?"

"ನಾಷ್ಟಾ ಮಾಡ್ಬೇಕವ್ವ."

"ಎಡಗೈಲೆ?" ಹುಡುಗಿ ಗಾಬರಿಯಾದಳು.

ನಾನೇ ಬಿಡಿಸಿ ಹೇಳಿದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಪೂಜೆ ಮುಗಿಸದೆ ಇವರು ನೀರೂ ಮುಟ್ಟುವುದಿಲ್ಲ. ಈಗ ಕೈ ನಡುಗಿ ಇಳಿಯುತ್ತದೆ. ಇಳಿದಾಗಲೆಲ್ಲ ಮಂತ್ರ ಮೊದಲಿನಿಂದ ಶುರು.

"ಮೊಣಕೈ ಕೆಳಗೆ ದಿಂಬು ಇಡಿ. ಕೈ ಎದೆ ಹತ್ರಾನೇ ಇರ್ಲಿ," ಎಂದಳು.

"ದೇವ್ರಿಗಿ ದಿಂಬ ಯಾಕವ್ವ? ಮನಗಸ್ಬೇಕೇನು?"

ಅವಳು ಹೇಳಿಕೊಟ್ಟಂತೆ ಬಗ್ಗಿ ತೋಳು ಜೋಲಾಡಿಸುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಒತ್ತುವುದು, ಎಲ್ಲ ಚಾಚೂ ತಪ್ಪದೆ ಮಾಡಿದರು. ದಿಂಬು ಮಾತ್ರ ಒಲ್ಲೆ ಎಂದರು. ವ್ಯಾಯಾಮದಲ್ಲಿ ಬಂದ ಗುಣವೆಲ್ಲ ಪೂಜೆಯಲ್ಲಿ ಹೋಯಿತು. ನಾಷ್ಟಾ ಮಧ್ಯಾಹ್ನಕ್ಕೆ ಬಂದು ಮುಟ್ಟಿತು.

ನನ್ನ ಪೂಜೆ ಬೇಗ ಮುಗಿಯುತ್ತದೆ. ಆದರೆ ಗಂಡ ತಿನ್ನುವ ಮೊದಲು ಹೆಂಡತಿ ತಿನ್ನಬಾರದೆಂದು ಅತ್ತೆ ಹಾಕಿಕೊಟ್ಟ ಪದ್ಧತಿ. ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ತಣ್ಣಗಾಗುವುದನ್ನು ನೋಡುತ್ತ ಕೂಡುವುದು ನನ್ನ ಪಾಲು. ಹೊಟ್ಟೆ ಉರಿಯುತ್ತಿತ್ತು, ಎರಡೂ ಬಗೆಯಲ್ಲಿ.

ಒಂದು ಬೆಳಿಗ್ಗೆ ಮತ್ತೆ ಕೈ ಇಳಿಯಿತು, ಮತ್ತೆ ಮಂತ್ರ ಶುರುವಾಯಿತು. ನನಗೆ ಸಾಕಾಯಿತು. ಬಿಸಿ ಸುಸಲಾ ಬಡಿಸಿಕೊಂಡು, ನಿಂಬೆ ಹಿಂಡಿ, ಅವರೆದುರೇ ಕೂತು ತಿಂದೆ. ಕರಿದ ಮೆಣಸಿನಕಾಯಿ ಕಚ್ಚಿದ ಸದ್ದಿಗೆ ಇವರ ಕಣ್ಣು ತಟ್ಟೆಗೆ ಹೋಯಿತು.

"ಸುಶೀಲಾ, ತಿನ್ಲತ್ತಿ ಏನ್?"

"ಹೂಂರಿ. ಹರದದ್ದು ನಿಮ್ಮ ಭುಜ. ನನ್ನ ಹೊಟ್ಟಿ ಯಾಕ ಉಪಾಸ ಇರಬೇಕ್ರಿ?"

ಅವರು ಕತ್ತು ಚಾಚಿ ಬಾಣಲೆಯತ್ತ ನೋಡಿದರು.

"ಇನ್ನಾ ಉಳದದೇನು?"

"ಒಂದ್ ತಟ್ಟಿ ಉಳದದ. ನನಗ ಹಸಿವೂ ಇನ್ನಾ ಅದ."

"ದಿಂಬ ತಗೊಂಡ್ ಬಾ."

"ತಡೀರಿ, ತಿಂದು ಕೈ ತೊಳ್ಕೊಂಡ್ ಬರ್ತೀನಿ," ಎಂದು ನಿಧಾನವಾಗಿ ಅಗಿದೆ. ಆ ದಿನ ಅವರು ಕಾದರು.