ನೂರ ಎಂಬತ್ತರವರೆಗೆ

ಕಿಟಕಿಯ ಸರಳಿನ ನೆರಳು ಎದುರಿನ ಹೆಂಗಸಿನ ಸೀರೆಯ ಮೇಲೆ ಅಲುಗದೆ ಬಿದ್ದಿದೆ, ಅಂದರೆ ರೈಲು ನಿಂತಿದೆ, ಗಿಂಡಿ ಬಿಟ್ಟಾಯಿತು, ಸೈದಾಪೇಟೆ ಬಂದಿಲ್ಲ, ಕೆಳಗೆ ಅಡ್ಯಾರು ಹೊಳೆಯ ನಾತ, ಕಿವಿಗೊತ್ತಿಕೊಂಡ ಫೋನಿನೊಳಗೆ ಭೀಮಾಬಾಯಿ ಮಾಮಿ ಎಣಿಸುತ್ತಿದ್ದಾರೆ, ಕೃಷ್ಣಾ ನಲವತ್ತೊಂದು, ಕೃಷ್ಣಾ ನಲವತ್ತೆರಡು — ಟಿ. ನಗರದ ಮನೆಯಲ್ಲಿ ಅವರ ಯಜಮಾನರಾದ ತಿರುಮಲ ಮಾಮನಿಗೆ ಮತ್ತೆ ಫಿಟ್ಸ್ ಶುರುವಾಗಿದೆ, ನಾನೋ, ಹದಿನಾಲ್ಕು ವರ್ಷದಿಂದ ಮೂರ್ಛೆರೋಗದ ಚಿಕಿತ್ಸೆಯನ್ನೇ ಹಚ್ಚಿಕೊಂಡ ಡಾಕ್ಟರ್ ಚಿನ್ಮಯಿ, ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದೇನೆ. ಹೊರಡೋ ಮಾರಾಯ. ಫೋನು ಹಿಡಿದಿರುವವನು ಮಗ ಸುಜಯೀಂದ್ರ, ಅಮ್ಮನ ಎರಡು ಕೈಗೂ ಕೆಲಸವಿದೆ, ಒಂದು ಮಾಮನ ಭುಜದ ಮೇಲೆ, ಅವರು ಮಗ್ಗುಲಾಗಿಯೇ ಮಲಗಿರುವಂತೆ, ಇನ್ನೊಂದು ಎಣಿಸಲು, ಹೆಬ್ಬೆರಳು ಒಂದೊಂದೇ ಗೆಣ್ಣು ಹತ್ತಿ ಇಳಿಯಲು. ಡಾಕ್ಟರ್, ಆಂಬುಲೆನ್ಸ್ ಕೂಪಿಡಟ್ಟುಮಾ — ಅವನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು — ಬೇಡಪ್ಪಾ, ಈಗ್ಲೇ ಕರೀಬೇಡ, ನೂರ ಎಂಬತ್ತಾಗ್ಲಿ, ಮೂಗಿನ ಸ್ಪ್ರೇ ಕೈಯಲ್ಲಿದೆ ಅಲ್ವಾ? ಇರುಕ್ಕು ಡಾಕ್ಟರ್. ಕರೆದರೆ ಏನಾಗುತ್ತದೆಂದು ಅವನಿಗೂ ಗೊತ್ತು, ಹೋದ ತಿಂಗಳು ಹೆದರಿ ಕರೆದಿದ್ದ, ನಾಲ್ಕು ದಿನ ಐಸಿಯು, ಮೂಗಿಗೆ ಕೊಳವೆ, ಕಿತ್ತುಹಾಕುತ್ತಾರೆಂದು ಕೈ ಕಟ್ಟಿದ್ದರು, ಮಾಮಿ ಗಾಜಿನ ಆಚೆ. ಮೆದುಳಿನ ಗಡ್ಡೆಗೆ ಇನ್ನು ಮಾಡುವುದೇನೂ ಇಲ್ಲ ಎಂದು ಎಲ್ಲರೂ ಕೈಚೆಲ್ಲಿದ ಮೇಲೆ ಮಾಮ ಕೇಳಿದ್ದು ಒಂದೇ, ಇನ್ನೆಲ್ಲಿಗೂ ಕಳಿಸ್ಬೇಡಿಮ್ಮಾ, ಆಗೋದು ಇವಳ ಕಣ್ಮುಂದೆನೇ ಆಗ್ಲಿ. ಆಗಲಿ ಮಾಮಾ ಎಂದು ಮಾತು ಕೊಟ್ಟೆ, ಎಷ್ಟು ಸುಲಭವಾಗಿ ಕೊಟ್ಟುಬಿಟ್ಟೆ.

ಕೃಷ್ಣಾ ತೊಂಬತ್ತು. ಬೇಗ ಬೇಗ ಎಣಿಸುತ್ತಿದ್ದಾರೆಯೇ, ಕೈಗಡಿಯಾರ ನೋಡಿಕೊಂಡೆ, ಇಲ್ಲ, ಓಡುತ್ತಿರುವುದು ನನ್ನ ಎದೆ. ನನ್ನ ಅಧ್ಯಯನವೇ ಇದು, ಕೊನೆಯ ವಾರಗಳಲ್ಲಿ ಫಿಟ್ಸ್ ಬಂದರೆ ಆಸ್ಪತ್ರೆಗೆ ಓಡದೆ ಮನೆಯವರೇ ನಿಭಾಯಿಸಬಹುದೇ, ಅದಕ್ಕೊಂದು ಫಾರಂ, ಫಾರಂನಲ್ಲಿ ನಿಮಿಷ, ಸೆಕೆಂಡು, ಮಾಮಿ ತುಂಬಿಸಿದ್ದು ಸೋಮವಾರ ಎಪ್ಪತ್ತು ಕೃಷ್ಣ, ಗುರುವಾರ ನೂರ ಹತ್ತು ಕೃಷ್ಣ — ನಾನು, ಮಹಾ ಬುದ್ಧಿವಂತೆ, ಮೂರು ವಾರದ ಅವರ ಬರವಣಿಗೆಗೆ ಅಡ್ಡಗೆರೆ ಎಳೆದು ಮಾಹಿತಿ ಇಲ್ಲ ಎಂದು ಬರೆದೆ. ಗೋಡೆ ಮೇಲೆ ಅಷ್ಟು ದೊಡ್ಡ ಗಡಿಯಾರ ಇದೆಯಲ್ಲ ಮಾಮಿ ಎಂದು ಗದರಿಸಿದ್ದೆ ಬೇರೆ. ಗಡಿಯಾರ ನೋಡ್ಬೇಕಂದ್ರೆ ಆ ಕಡೆ ತಿರುಗ್ಬೇಕಲ್ಲಮ್ಮಾ, ಅಷ್ಟೊತ್ತು ಅವರ ಮುಖ ಯಾರು ನೋಡ್ಕೋತಾರೆ? ಮರುದಿನ ಸ್ಟಾಪ್‌ವಾಚ್ ಹಿಡಿದು ಎದುರಿಗೆ ಕೂತೆ, ಜಪ ಮಾಡಿ ಮಾಮಿ, ನಿಮಿಷಕ್ಕೆ ಮೂವತ್ತಾರು, ಮತ್ತೆ ಮೂವತ್ತಾರು, ಕುಕ್ಕರ್ ಕೂಗಿದಾಗಲೂ ಮೂವತ್ತಾರು, ಐವತ್ತು ವರ್ಷ ದಿನವೂ ಬೆಳಿಗ್ಗೆ ಮಡಿಯುಟ್ಟು ಕೂತವರ ಹೆಬ್ಬೆರಳು ಅದು, ಐದು ನಿಮಿಷಕ್ಕೆ ನೂರ ಎಂಬತ್ತು, ಅಲ್ಲಿಗೆ ಔಷಧಿ. ಅಡ್ಡಗೆರೆ ಅಳಿಸಿದೆ, ಫಾರಂ ತಿದ್ದಿದೆ, ಈಗ ಹೋದ ಮನೆಯಲ್ಲೆಲ್ಲ ಮೊದಲು ಕೇಳುತ್ತೇನೆ, ನೀವು ಹೇಗೆ ಎಣಿಸ್ತೀರಿ ಅಂತ. ದೊಡ್ಡ ದೊಡ್ಡ ಪ್ರೊಫೆಸರುಗಳ ಹತ್ತಿರ ಕಲಿತೆ, ಮುಖ ನೋಡುವುದನ್ನು ಕಲಿಸಿದ್ದು ಈ ಮಾಮಿ, ನಾನು ಅವರಿಗೆ ಋಣಿ, ನಿಜವಾಗಿ ಋಣಿ, ಬಾಯಿಬಿಟ್ಟು ಇನ್ನೂ ಹೇಳಿಲ್ಲ.

ಕೃಷ್ಣಾ ನೂರ ಎಪ್ಪತ್ತೊಂಬತ್ತು, ಕೃಷ್ಣಾ ನೂರ ಎಂಬತ್ತು, ಈಗ ಹಾಕು ಸುಜಯ್, ಎಡ ಮೂಗಿಗೊಂದು, ಬಲಕ್ಕೊಂದು, ಪೋಟ್ಟಾಚು ಡಾಕ್ಟರ್, ಮಾಮಿ ಮತ್ತೆ ಒಂದರಿಂದ ಎಣಿಸಿ, ರೈಲು ಜಗ್ಗಿ ಹೊರಟಿತು, ಸೈದಾಪೇಟೆ, ಇನ್ನೊಂದು ನೂರ ಎಂಬತ್ತರೊಳಗೆ ನಿಲ್ಲದಿದ್ದರೆ ಆಂಬುಲೆನ್ಸ್ ಕರೆ ಎಂದು ನಾನೇ ಹೇಳಬೇಕು, ಕೊಟ್ಟ ಮಾತು ನಾನೇ ಮುರಿಯಬೇಕು, ಕೃಷ್ಣಾ ಐವತ್ತೆಂಟು, ಐವತ್ತೊಂಬತ್ತು, ಆಮೇಲೆ ಏನೂ ಇಲ್ಲ. ಮಾಮಿ? ಮಾಮಿ? ನಿಂತ್ಹೋಯ್ತಮ್ಮಾ, ಉಸಿರಾಡ್ತಿದಾರೆ, ನಿದ್ದೆ ಥರ ಇದೆ. ದೇವರೇ. ಮಾಂಬಲಂ, ಇಳಿದೆ, ಮೆಟ್ಟಿಲು, ಜವಳಿ ಚೀಲಗಳ ನೂಕುನುಗ್ಗಲು, ಫೋನ್ ಇಡ್ಬೇಡ ಸುಜಯ್, ಬಂದೆ, ಓಡೋಣವೆಂದರೆ ಕಾಲಿಡಲು ಜಾಗವೆಲ್ಲಿ, ಡಾಕ್ಟರಮ್ಮಾ, ಇವರ ಕೈ ಹಿಡ್ಕೊಂಡಿದೀನಲ್ಲಾ, ಇವರ ಹೆಬ್ಬೆರಳು ಅಲ್ಲಾಡ್ತಿದೆ. ಮೆಟ್ಟಿಲ ನಡುವೆ ನಿಂತುಬಿಟ್ಟೆ. ಹೆಬ್ಬೆರಳಲ್ಲಿ ಉಳಿದಿದ್ದರೆ ಫಿಟ್ಸ್ ಮುಗಿದಿಲ್ಲ, ಹಾಗೆಯೇ ಅದು, ಒಂದು ಮೂಲೆಯಲ್ಲಿ ಮಿಡಿಯುತ್ತ ಕೂತು ಮತ್ತೆ ಮೈಗೆಲ್ಲ ಹಬ್ಬುತ್ತದೆ. ಒಂದೇ ಕಡೆ ಎಗರ್ತಿದೆಯಾ ಮಾಮಿ, ಸರಿಯಾಗಿ ನೋಡಿ. ಎಗರ್ತಿಲ್ಲಮ್ಮಾ, ನನ್ನ ಬೆರಳ ಮೇಲೆ ಇಟ್ಟಿದಾರೆ, ಜಪಕ್ಕೆ ಇಟ್ಟ ಹಾಗೆ, ಒಂದು ಗೆಣ್ಣಾಯ್ತು, ಇರಿ, ಈಗ ಅದರ ಮೇಲಿಂದು. ಫಿಟ್ಸ್‌ಗೆ ಮುಂದಿನ ಗೆಣ್ಣು ಗೊತ್ತಿಲ್ಲ, ಅದು ಇದ್ದಲ್ಲೇ ಕುಣಿಯುತ್ತದೆ, ಇದು ಸರಿಯುತ್ತಿದೆ, ಕೊಂಜಂ ನಗರುಮ್ಮಾ ಎಂದು ದಾರಿ ಕೇಳುತ್ತ ಹಿಂದಿನಿಂದ ಯಾರೋ ಚೀಲದಲ್ಲಿ ತಳ್ಳುತ್ತಿದ್ದಾರೆ, ಸರಿಯುತ್ತಿದೆ, ಮಾಮಿಯ ಬೆರಳ ಮೇಲೆ ಮಾಮನ ಹೆಬ್ಬೆರಳು, ಒಂದು ಗೆಣ್ಣು, ತಡೆದು, ಇನ್ನೊಂದು, ತಡೆದು, ಇನ್ನೊಂದು —