ಸೆರಗಿನ ಉಳ್ಳಾಗಡ್ಡಿ

ವಡಾಲದ ಆ ಚಾಳಿನಲ್ಲಿ ಐತವಾರ ಬಂತೆಂದರೆ ಗಂಡಸರಿಗೆ ಫುಟ್‌ಬಾಲಿನ ಹುಚ್ಚು. ಆಡಲಿ ಬಿಡಿ, ವಾರವಿಡೀ ಬಂದರಿನ ಡಾಕಿನಲ್ಲಿ ಮೂಟೆ ಹೊತ್ತವರು. ಆದರೆ ಚೆಂಡು ಸಿಗದಿದ್ದರೆ ಆಳನ್ನೇ ಕೆಡವಬೇಕು, ಕೆಡವಿದವನೇ ಗಂಡು ಅಂತ ಕುಣಿಯುತ್ತಿದ್ದರಲ್ಲ, ಅದಕ್ಕೇನನ್ನೋಣ! ಬಿದ್ದವನ ಮೂಗಿಗೆ ಉಳ್ಳಾಗಡ್ಡಿ ಜಜ್ಜಿ ಹಿಡಿಯುವುದು, ಎದ್ದ ಕೂಡಲೇ ಮತ್ತೆ ಆಟಕ್ಕೆ ದೂಡುವುದು. ಆ ಉಳ್ಳಾಗಡ್ಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದು ಹೆಂಡಂದಿರ ಪಾಲಿನ ಕೆಲಸ.

ಎಪ್ಪತ್ನಾಲ್ಕರ ಒಂದು ಐತವಾರ ಬಸಲಿಂಗವ್ವನೂ ಕಟ್ಟಿಕೊಂಡೇ ಹೋಗಿದ್ದಳು. ಹಿಂದಿನ ವಾರ ಅವಳ ಗಂಡ ಕಾಶಪ್ಪ, ಉಡುಪಿ ಹೋಟೆಲಿನವರ ಟೀಮಿನ ದೂಜನನ್ನು ಮೊಣಕಾಲಿಗೆ ಒದ್ದು ಕೆಡವಿದ್ದ. ಚಾಳಿನವರೆಲ್ಲ ಚಪ್ಪಾಳೆ ತಟ್ಟಿದ್ದರು, ಇವಳೂ ತಟ್ಟಿದ್ದಳು. ಈ ವಾರ ದೂಜ ಸೇಡು ತೀರಿಸಿದ. ಚೆಂಡಿಗೆ ಹಾರಿದ ಹಾಗೆ ಮಾಡಿ ಕಾಶಪ್ಪನ ಕಿವಿಯ ಮೇಲೆ ಮೊಣಕೈ ಬೀಸಿದ. ಕಾಶಪ್ಪ ದೊಪ್ಪನೆ ಬಿದ್ದ.

"ತಂಗೀ, ಉಳ್ಳಾಗಡ್ಡಿ ತಾ!" ಅಂತ ಟೀಮಿನ ಹಿರಿಯ ಈರಣ್ಣ ಕೂಗಿದ.

ಅವಳು ಓಡಿ ಹೋಗಿ ಕೊಟ್ಟಳು. ಕಾಶಪ್ಪ ಕಣ್ಣು ಬಿಟ್ಟ, ಸೀನಿದ, ಎದ್ದು ಕೊನೆಯವರೆಗೂ ಆಡಿದ.

ಮನೆಗೆ ಬಂದು ಚಹಾ ಕುಡಿದವನು ಮತ್ತೆ ಕಾಲಿಗೆ ಪಟ್ಟಿ ಸುತ್ತತೊಡಗಿದ.

"ಎಲ್ಲಿಗ್ರೀ?"

"ಮ್ಯಾಚಿಗೆ. ಹೊತ್ತಾತು. ಉಳ್ಳಾಗಡ್ಡಿ ಕಟಗೊಂಡಿಯಿಲ್ಲೋ?"

ಬಸಲಿಂಗವ್ವ ಅವನ ಕೈಯ ಪಟ್ಟಿ ಹಿಡಿದಳು. "ಮ್ಯಾಚ್ ಮುಗಿಸಿಕೊಂಡ ಬಂದೀರಲ್ರೀ!"

ಅವನು ಅವಳನ್ನೇ ನೋಡಿದ. ಗುರುತಿಲ್ಲದವರನ್ನು ನೋಡಿದ ಹಾಗಿತ್ತು. ಆಮೇಲೆ ಮೋರಿಯ ಹತ್ತಿರ ಕೂತು ವಾಂತಿ ಮಾಡಿಕೊಂಡ.

ಈರಣ್ಣ ಬಂದು ನೋಡಿ, "ಬಿಸಿಲಿಗೆ ಆಗಿರ್ತದ. ಮಲಗ್ಲಿ, ಸರಿ ಹೋಗ್ತದ. ಗಂಡಸರ ಆಟದಾಗ ಇದೆಲ್ಲಾ ಇರೂದ" ಅಂದ.

ಮಲಗಿದವರು ಏಳದಿದ್ದರೆ? ಆ ಮಾತು ತಲೆಗೆ ಬಂದದ್ದೇ ತಡ, ಅವಳು ಹೊರಗೆ ಓಡಿದಳು. ಚಾಳಿನ ಕೊನೆಯ ಖೋಲಿಯಲ್ಲಿದ್ದ ನರ್ಸ್ ನೀಲಾವತಿಯನ್ನು ಕೈ ಹಿಡಿದು ಎಳೆದುಕೊಂಡು ಬಂದಳು.

"ಎಂತ ಮಾರಾಯ್ರೇ, ತಲೆಗೆ ಪೆಟ್ಟು ಬಿದ್ದವರನ್ನು ಮತ್ತೆ ಆಡಿಸಿದ್ದಾ?" ಅಂತ ನೀಲಾವತಿ ರೇಗಿದಳು.

"ಉಳ್ಳಾಗಡ್ಡಿ ಹಿಡದ್ವಿ, ಎದ್ದಾನಲ್ಲ?" ಅಂದ ಈರಣ್ಣ.

"ನೀರುಳ್ಳಿ ಘಾಟಿಗೆ ಕಣ್ಣು ಬಿಟ್ಟರೆ ಒಳಗಿನ ಪೆಟ್ಟು ಹೋಯಿತು ಅಂತ ಉಂಟಾ? ತಲೆಯೊಳಗೆ ರಕ್ತ ಇಳಿದರೆ ಹೊರಗೆ ಎಂತದೂ ಕಾಣುವುದಿಲ್ಲ. ಮರೆವು, ವಾಂತಿ ಎರಡೂ ಬಂದಿದೆ. ಟ್ಯಾಕ್ಸಿ ತನ್ನಿ, ಬೇಗ!"

ಟ್ಯಾಕ್ಸಿಯಲ್ಲಿ ಕಾಶಪ್ಪನ ಕಣ್ಣು ಮುಚ್ಚತೊಡಗಿದವು. "ಹೆಸರು ಹಿಡಿದು ಕರೆಯಿರಿ" ಅಂದಳು ನೀಲಾವತಿ. ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ತಂದವಳಲ್ಲ ಬಸಲಿಂಗವ್ವ. ಈಗ ದಾರಿಯುದ್ದಕ್ಕೂ ಕೂಗಿದಳು: "ಕಾಶಪ್ಪಾ! ಏ ಕಾಶಪ್ಪಾ!"

ಆಸ್ಪತ್ರೆಯಲ್ಲಿ ಡಾಕ್ಟರು ಏನೂ ಭರವಸೆ ಕೊಡಲಿಲ್ಲ. ಮರುದಿನ ವಾರ್ಡಿನ ಹೊರಗೆ ದೂಜ ಬಂದು ನಿಂತ. "ಅಕ್ಕಾ, ಸಾಯಲಿ ಅಂತ ಹೊಡೆದದ್ದಲ್ಲ" ಅನ್ನುತ್ತ ಅತ್ತ. ಅವನಿಗೆ ಹಿಡಿಶಾಪ ಹಾಕಬೇಕೆಂದೇ ಎದ್ದಳು. ಅಂದು ದೂಜ ಬಿದ್ದಾಗ ತಾನು ತಟ್ಟಿದ ಚಪ್ಪಾಳೆ ನೆನಪಾಗಿ, ಮತ್ತೆ ಕೂತುಬಿಟ್ಟಳು.

ಬುಧವಾರ ಕಾಶಪ್ಪ ಕಣ್ಣು ತೆರೆದು, "ಬಸಲಿಂಗೀ" ಅಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಮಳೆಗಾಲ ಕಳೆದ ಮೇಲೆ ಎರಡೂ ಟೀಮಿನವರು ಕೂತು ಮಾತಾಡಿಕೊಂಡರು. ಬೇಕೆಂದು ಆಳಿಗೆ ಹೊಡೆದವನು ಹೊರಗೆ, ನಮ್ಮವನಾದರೂ ಸರಿ. ಮೊದಲ ಮ್ಯಾಚಿನಲ್ಲೇ ತಲೆಗೆ ತಲೆ ಬಡಿದು ಒಬ್ಬ ಬಿದ್ದ. ಈರಣ್ಣ ರೂಢಿಯಂತೆ ಕೈ ಚಾಚಿದ: "ತಂಗೀ, ಉಳ್ಳಾಗಡ್ಡಿ?"

"ಪಲ್ಯಾಕ್ಕ ಹಾಕೀನಣ್ಣಾ. ಅವನ್ನ ಹೊರಗ ಕೂಡಸ್ರಿ, ನೀಲಾವತಿಬಾಯಿ ನೋಡ್ಲಿ" ಅಂದಳು ಬಸಲಿಂಗವ್ವ.

ಈರಣ್ಣ ಬಿದ್ದವನ ತೋಳು ಹಿಡಿದು ಹೊರಗೆ ಕರೆತಂದ.

ಅಣ್ಣಂದಿರೇ, ತಮ್ಮಂದಿರೇ, ಚೆಂಡಿಗೆ ಆಡಿ, ಆಳಿಗಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಅಂದು ಮತ್ತೆ ಆಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಅಕ್ಕಂದಿರೇ, ಯಾರೇ ಬೀಳಲಿ, ಚಪ್ಪಾಳೆ ತಟ್ಟಬೇಡಿ. ಬಸಲಿಂಗವ್ವ ಟ್ಯಾಕ್ಸಿಯಲ್ಲಿ ಕೂಗಿದ ಹಾಗೆ ಗಂಡನ ಹೆಸರು ಕೂಗುವ ಗತಿ ನಿಮಗೆ ಬಾರದಿರಲಿ.