ಭಾವನ ಕುರ್ಚಿ

ಕ್ಷೌರದಂಗಡಿ ಯಜಮಾನನದು, ಕುರ್ಚಿ ಎರಡು. ಬಾಗಿಲ ಪಕ್ಕದ್ದು ಅವನದು, ಕಿಟಕಿ ಪಕ್ಕದ್ದು ಅವನ ಭಾವನದು, ಅಂದರೆ ತಂಗಿಯ ಗಂಡನದು. ಹೊಳೆಯಾಚೆಯಿಂದ ಬಂದವನಿಗೆ ಕತ್ತರಿ ಹಿಡಿಯಲು ಕಲಿಸಿ, ತಂಗಿಯನ್ನೂ ಕೊಟ್ಟು, ಕುರ್ಚಿ ಹಾಕಿಸಿಕೊಟ್ಟವನು ಯಜಮಾನನೇ. ಈಗ ಗಿರಾಕಿಗಳೆಲ್ಲ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು ಭಾವನಿಗಾಗಿ ಕಾಯುತ್ತಿದ್ದರು.

"ಬನ್ನಿ, ಇಲ್ಲಿ ಖಾಲಿ ಇದೆ."

"ಇರ್ಲಿ ಬಿಡಿ, ನಮಗೇನು ಅರ್ಜೆಂಟು? ಅವರದ್ದು ಮುಗೀಲಿ."

ಅರ್ಜೆಂಟಿರಲು ಕೆಲಸವೆಲ್ಲಿತ್ತು? ಕಾರ್ಖಾನೆಗೆ ಬೀಗ ಬಿದ್ದಿತ್ತು. ಊರಲ್ಲಿ ಬೆಳೆಯುತ್ತಿದ್ದದ್ದು ಗಡ್ಡವೊಂದೇ, ಅದೂ ಭಾವನ ಪಾಲಿಗೆ. ಯಜಮಾನನಿಗೆ ಹೊಟ್ಟೆಕಿಚ್ಚಿನಿಂದ ಅನ್ನ ಸೇರುತ್ತಿರಲಿಲ್ಲ.

ಆಗಲೇ ಚುನಾವಣೆಗೆ ನಿಂತ ನಾಯಕ ಬಂದ. ಕಾರ್ಖಾನೆಯ ಗೇಟಿನ ಮುಂದೆ ನಿಂತು, "ನಿಮ್ಮ ಜಾಗದಲ್ಲಿ ಯಾರು ಬಂದು ಕೂತಿದ್ದಾರೆ, ಕಣ್ಬಿಟ್ಟು ನೋಡಿ!" ಎಂದು ಗುಡುಗಿದ. ಬೀಗ ಜಡಿದ ಧಣಿಯ ಸುದ್ದಿಯನ್ನೇ ಎತ್ತಲಿಲ್ಲ, ಜಾಣ. ಹೊಳೆಯಾಚೆಯವರನ್ನು ಹಿಡಿದು ಜಾಡಿಸಿದ. ತನ್ನ ಮನಸ್ಸನ್ನೇ ಯಾರೋ ಮೈಕಿನಲ್ಲಿ ಓದಿದ ಹಾಗಾಯಿತು ಯಜಮಾನನಿಗೆ. ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ, ಓಟೂ ಹಾಕಿದ. ನಾಯಕ ಗೆದ್ದ.

ಗೆದ್ದ ಮೇಲೆ ಪಕ್ಷದ ದಳಪತಿ ಬೀದಿಬೀದಿ ಸುತ್ತಿ, ಆಚೆಯವರು ಯಾರಿದ್ದಾರೆಂದು ವಿಚಾರಿಸಿದ. ಭಾವ ನಡೆನುಡಿಯಲ್ಲಿ ಇಲ್ಲಿಯವನೇ ಆಗಿಹೋಗಿದ್ದ. ಯಾರೂ ಅವನ ಹೆಸರೆತ್ತಲಿಲ್ಲ. ಯಜಮಾನನೇ ದಳಪತಿಯ ಕಿವಿಯಲ್ಲಿ, "ನಮ್ಮಂಗಡೀಲಿ ಕಿಟಕಿ ಪಕ್ಕದ ಕುರ್ಚಿ ನೋಡಿ," ಎಂದ. ಭಾವನೊಬ್ಬ ಹೋದರೆ ಸಾಕೆಂಬುದಷ್ಟೇ ಅವನ ಲೆಕ್ಕ.

ಮರುದಿನ ದಳಪತಿ ದೊಣ್ಣೆ ಹಿಡಿದ ಹುಡುಗರ ಜೊತೆ ಅಂಗಡಿಗೆ ಬಂದ. ಬೆಂಚು ಖಾಲಿಯಾಯಿತು. ಯಜಮಾನ ತನ್ನ ಕುರ್ಚಿಯ ಧೂಳು ಕೊಡವಿ, "ಬನ್ನಿ ಸಾರ್," ಎಂದು ಹಲ್ಲು ಕಿರಿದ. ದಳಪತಿ ಅವನನ್ನು ದಾಟಿ ಹೋಗಿ ಕಿಟಕಿಯ ಪಕ್ಕ ಕೂತು, ಕತ್ತು ಹಿಂದಕ್ಕೆ ಚೆಲ್ಲಿದ.

"ಮೊದ್ಲು ಶೇವ್ ಮಾಡು. ನಿನ್ನ ಕೈ ಚೆನ್ನಾಗಿದೆ ಅಂತ ಕೇಳಿದೀನಿ."

ಭಾವ ಒಂದು ಗೀರೂ ಆಗದಂತೆ ಶೇವ್ ಮಾಡಿದ. ದಳಪತಿ ಕೆನ್ನೆ ಸವರಿಕೊಂಡ. "ಭೇಷ್! ಸಂಜೆಯೊಳಗೆ ಹೆಂಡ್ತೀನೂ ಕರ್ಕೊಂಡು ಹೊಳೆ ದಾಟು."

"ಅವಳು ನನ್ನ ತಂಗಿ ಸಾರ್! ಇಲ್ಲೇ ಹುಟ್ಟಿದವಳು!" ಎಂದ ಯಜಮಾನ.

"ಆಚೆಯವನ ಕೈ ಹಿಡಿದ್ಮೇಲೆ ಆಚೆಯವಳೇ."

ಗಲಾಟೆ ಕೇಳಿ ಓಡಿಬಂದ ತಂಗಿ ಬಾಗಿಲಲ್ಲೇ ನಿಂತಿದ್ದಳು. "ಅಣ್ಣಾ, ಇವರಿಗೆ ಹೇಳಿದ್ಯಾರು?"

ಯಜಮಾನ ಮುಖ ತಿರುಗಿಸಿದ. ತಂಗಿಯೂ ಹೋಗುತ್ತಾಳೆಂಬ ಸಂಕಟವಿತ್ತು, ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲೂ ಅವನೆದೆಯನ್ನು ಸುಡುತ್ತಿದ್ದದ್ದು ಬೇರೆ: ಓಡಿಸಲು ಬಂದವನೂ ಭಾವನ ಕುರ್ಚಿಯಲ್ಲೇ ಹೋಗಿ ಕೂತನಲ್ಲ!